ಕ್ಯಾಮೆರಾ ಗಿಂಬಲ್‌ನ ಜೋಡಣೆ ಮತ್ತು ಸಮತೋಲನ

ಕ್ಯಾಮೆರಾ ಗಿಂಬಲ್ ಅಥವಾ ಗಿಂಬಲ್ ಸ್ಟೆಬಿಲೈಜರ್ ಎಂಬುದು ನಡೆಯುತ್ತ, ಓಡುತ್ತ ಅಥವಾ ಚಲಿಸುವ ವಾಹನದಲ್ಲಿ ಕುಳಿತು ಚಿತ್ರೀಕರಿಸುವಾಗ ಕ್ಯಾಮೆರಾ ವಾಲದಂತೆ ಹಿಡಿದಿಡುವ ಉಪಕರಣ. ಒಂದು ಹಿಡಿಕೆ, ಅದರ ಮೇಲೆ ಒಂದಕ್ಕೊಂದು ಅಡ್ಡವಾಗಿ ಜೋಡಿಸಿದ ಮೂರು ತೋಳುಗಳು, ಪ್ರತಿಯೊಂದು ಕೀಲಿನಲ್ಲಿ ಒಂದು ವಿದ್ಯುತ್ ಮೋಟಾರು, ಚಲನೆಯನ್ನು ಅಳೆಯುವ ಸಂವೇದಕಗಳು ಹಾಗೂ ಇವೆಲ್ಲವನ್ನೂ ನಿಯಂತ್ರಿಸುವ ಸಣ್ಣ ಗಣಕ ಇದರ ಮುಖ್ಯ ಅಂಗಗಳು. ಈ ಉಪಕರಣದಲ್ಲಿ ಕ್ಯಾಮೆರಾವನ್ನು ಕೂರಿಸಿ, ಅದರ ಗುರುತ್ವ ಕೇಂದ್ರವು ಮೂರು ಅಕ್ಷಗಳೂ ಸಂಧಿಸುವ ಬಿಂದುವಿಗೆ ಬರುವಂತೆ ಸರಿಪಡಿಸುವ ಕೆಲಸಕ್ಕೆ ಸಮತೋಲನಗೊಳಿಸುವುದು ಎಂದು ಹೆಸರು. ಚಿತ್ರೀಕರಣ ತಂಡಗಳ ಮಾತಿನಲ್ಲಿ ಇದು ‘ಬ್ಯಾಲೆನ್ಸ್ ಮಾಡುವುದು’. ಗಿಂಬಲ್‌ಗೆ ವಿದ್ಯುತ್ ಹರಿಸುವ ಮೊದಲೇ, ಮೋಟಾರುಗಳು ನಿರ್ಜೀವವಾಗಿರುವಾಗಲೇ ಇದನ್ನು ಮಾಡಿ ಮುಗಿಸಬೇಕಾಗುತ್ತದೆ.

ಮೋಟಾರುಗಳಿರುವಾಗ ಸಮತೋಲನದ ಶ್ರಮವೇಕೆ ಎಂಬ ಪ್ರಶ್ನೆ ಹೊಸಬರಲ್ಲಿ ಸಹಜವಾಗಿ ಏಳುತ್ತದೆ. ಮೋಟಾರುಗಳಿರುವುದು ಕೈಯ ಅಲುಗಾಟವನ್ನು ಸರಿಪಡಿಸುವುದಕ್ಕೆ, ಕ್ಯಾಮೆರಾದ ಭಾರವನ್ನು ಎತ್ತಿ ಹಿಡಿಯುವುದಕ್ಕಲ್ಲ. ಭಾರವನ್ನು ಹೊರುವ ಕೆಲಸ ತೋಳುಗಳದ್ದು ಮತ್ತು ಕೀಲುಗಳದ್ದು. ಸಮತೋಲನ ತಪ್ಪಿದ ಗಿಂಬಲ್‌ನಲ್ಲಿ ಮೋಟಾರು ತನ್ನ ಶಕ್ತಿಯ ಬಹುಪಾಲನ್ನು ಭಾರ ಹಿಡಿಯುವುದರಲ್ಲೇ ಕಳೆಯುತ್ತದೆ. ನಿಜವಾಗಿ ಅಲುಗಾಟ ಬಂದಾಗ ಅದನ್ನು ತಡೆಯಲು ಅದರಲ್ಲಿ ಕಸುವು ಉಳಿದಿರುವುದಿಲ್ಲ.

ಹಿನ್ನೆಲೆ

ಒಂದರೊಳಗೊಂದು ತಿರುಗುವ ಉಂಗುರಗಳ ನಡುವೆ ವಸ್ತುವನ್ನು ತೂಗಿಬಿಟ್ಟು, ಹೊರಗಿನ ಚೌಕಟ್ಟು ಹೇಗೆ ಹೊರಳಿದರೂ ಒಳಗಿನದು ನೆಟ್ಟಗಿರುವಂತೆ ಮಾಡುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ 3ನೆಯ ಶತಮಾನದ ಗ್ರೀಕ್ ಯಂತ್ರಜ್ಞ ಬೈಜಾಂಟಿಯಮ್ಮಿನ ಫಿಲೋನದೆಂದು ಹೇಳಲಾಗುವ ಗ್ರಂಥದಲ್ಲಿ, ಯಾವ ಮಗ್ಗುಲಿಗೆ ಹೊರಳಿಸಿದರೂ ಶಾಯಿ ಚೆಲ್ಲದ ಕುಡಿಕೆಯ ವಿವರಣೆಯಿದೆ. ಯುರೋಪಿನಲ್ಲಿ ಈ ರಚನೆಗೆ 16ನೆಯ ಶತಮಾನದ ಇಟಲಿಯ ಗಣಿತಜ್ಞ, ವೈದ್ಯ ಜಿರೊಲಾಮೊ ಕಾರ್ಡಾನೊನ ಹೆಸರು ಅಂಟಿಕೊಂಡಿತು; ಆದರೆ ಆತ ಅದನ್ನು ವಿವರಿಸಿದವನೇ ಹೊರತು ಕಂಡುಹಿಡಿದವನಲ್ಲ. ಹಡಗುಗಳ ದಿಕ್ಸೂಚಿ ಮತ್ತು ಕಾಲಮಾಪಕಗಳನ್ನು ಶತಮಾನಗಳ ಕಾಲ ಹೀಗೆಯೇ ತೂಗಿಬಿಡಲಾಗುತ್ತಿತ್ತು.

ಚಲನಚಿತ್ರಕ್ಕೆ ಈ ತತ್ತ್ವ ಮಹತ್ತ್ವದ ರೀತಿಯಲ್ಲಿ ಬಂದದ್ದು ಅಮೆರಿಕದ ಛಾಯಾಗ್ರಾಹಕ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್‌ನ ಮೂಲಕ. ಮೈಗೆ ತೊಡುವ ಕವಚ, ಸ್ಪ್ರಿಂಗುಗಳುಳ್ಳ ತೋಳು ಮತ್ತು ಗುರುತ್ವ ಕೇಂದ್ರದ ಬಳಿಯಲ್ಲಿ ಕೀಲಿಸಿದ ಕಂಬ ಇವುಗಳಿಂದಾದ ಆ ಸಾಧನದಲ್ಲಿ ಮೋಟಾರುಗಳಿರಲಿಲ್ಲ. 1976ರಲ್ಲಿ ತೆರೆಕಂಡ ‘ಬೌಂಡ್ ಫಾರ್ ಗ್ಲೋರಿ’, ‘ಮ್ಯಾರಥಾನ್ ಮ್ಯಾನ್’ ಮತ್ತು ‘ರಾಕಿ’ ಅದನ್ನು ಮೊದಲು ಬಳಸಿದ ಚಿತ್ರಗಳು. ಸ್ಟೆಡಿಕ್ಯಾಮ್‌ನಲ್ಲಿ ಸಮತೋಲನವೇ ಸರ್ವಸ್ವ: ತೂಕಗಳ ಹಂಚಿಕೆಯೊಂದನ್ನು ಬಿಟ್ಟರೆ ಕ್ಯಾಮೆರಾವನ್ನು ನೆಟ್ಟಗಿಡುವ ಬೇರಾವ ಶಕ್ತಿಯೂ ಅಲ್ಲಿಲ್ಲ.

ಬ್ರಷ್‌ರಹಿತ ಮೋಟಾರುಗಳು ಮತ್ತು ಅಗ್ಗದ ಸೂಕ್ಷ್ಮ ಸಂವೇದಕಗಳು ದೊರೆತ ಮೇಲೆ, ಮೊದಲು ಡ್ರೋನ್‌ಗಳಲ್ಲಿ, ಬಳಿಕ ಕೈಯಲ್ಲಿ ಹಿಡಿಯುವ ರೂಪದಲ್ಲಿ ವಿದ್ಯುತ್ ಗಿಂಬಲ್‌ಗಳು ಬಂದವು. 2013ರಲ್ಲಿ ಫ್ರೀಫ್ಲೈ ಸಂಸ್ಥೆ ಪ್ರಕಟಿಸಿದ ಮೂವಿ ಎಂ10, 2014ರಲ್ಲಿ ಬಂದ ಡಿಜೆಐ ರೋನಿನ್ ಎರಡೂ ಎರಡು ಕೈಗಳಿಂದ ಹಿಡಿಯುವಂಥವು. ಒಂದೇ ಹಿಡಿಕೆಯ, ಕನ್ನಡಿರಹಿತ ಕ್ಯಾಮೆರಾಗಳಿಗೆ ಹೊಂದುವ ಝಿಯೂನ್ ಕ್ರೇನ್, ಡಿಜೆಐ ರೋನಿನ್-ಎಸ್ ಮೊದಲಾದವು ಮುಂದಿನ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದು, ಮದುವೆ ಚಿತ್ರೀಕರಣದಿಂದ ಹಿಡಿದು ಸಾಕ್ಷ್ಯಚಿತ್ರಗಳವರೆಗೆ ಸಾಮಾನ್ಯ ಉಪಕರಣಗಳಾದವು.

ಮೂರು ಅಕ್ಷಗಳು

ಕ್ಯಾಮೆರಾ ಮೂಗನ್ನು ಮೇಲೆತ್ತುವ, ಕೆಳಗಿಳಿಸುವ ಚಲನೆ ಟಿಲ್ಟ್. ಎಡ ಬಲ ಭುಜಗಳಿಗೆ ವಾಲುವ ಚಲನೆ ರೋಲ್. ತಲೆ ತಿರುಗಿಸಿದಂತೆ ಅಡ್ಡಡ್ಡ ತಿರುಗುವ ಚಲನೆ ಪ್ಯಾನ್. ಒಂದು ಹಿಡಿಕೆಯ ಗಿಂಬಲ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾಗೆ ತೀರ ಹತ್ತಿರ, ಅದರ ಪಕ್ಕದಲ್ಲಿ ಟಿಲ್ಟ್ ಮೋಟಾರು, ಹಿಂಬದಿಯಲ್ಲಿ ರೋಲ್ ಮೋಟಾರು, ಎಲ್ಲಕ್ಕಿಂತ ಕೆಳಗೆ ಹಿಡಿಕೆಯ ನೆತ್ತಿಯಲ್ಲಿ ಪ್ಯಾನ್ ಮೋಟಾರು ಇರುತ್ತವೆ. ಟಿಲ್ಟ್ ಮೋಟಾರು ಕ್ಯಾಮೆರಾವನ್ನಷ್ಟೇ ತಿರುಗಿಸುತ್ತದೆ. ರೋಲ್ ಮೋಟಾರು ಕ್ಯಾಮೆರಾದ ಜೊತೆಗೆ ಟಿಲ್ಟ್ ಮೋಟಾರನ್ನೂ ತಿರುಗಿಸಬೇಕು. ಪ್ಯಾನ್ ಮೋಟಾರು ಇವೆಲ್ಲವನ್ನೂ ಹೊತ್ತು ತಿರುಗುತ್ತದೆ. ಸಮತೋಲನವನ್ನು ಒಳಗಿನಿಂದ ಹೊರಕ್ಕೆ, ಅಂದರೆ ಟಿಲ್ಟ್, ರೋಲ್, ಪ್ಯಾನ್ ಎಂಬ ಕ್ರಮದಲ್ಲಿಯೇ ಮಾಡಬೇಕೆಂಬ ನಿಯಮಕ್ಕೆ ಇದೇ ಕಾರಣ. ಒಳಗಿನ ಅಕ್ಷದಲ್ಲಿ ಕ್ಯಾಮೆರಾವನ್ನು ಸರಿಸಿದರೆ ಹೊರಗಿನ ಅಕ್ಷಗಳ ಲೆಕ್ಕವೂ ಬದಲಾಗುತ್ತದೆ. ಹೊರಗಿನದನ್ನು ಸರಿಸಿದರೆ ಒಳಗಿನದಕ್ಕೆ ಏನೂ ಆಗುವುದಿಲ್ಲ.

ಸಮತೋಲನದ ತತ್ತ್ವ

ಗುರುತ್ವ ಕೇಂದ್ರವು ಅಕ್ಷದಿಂದ ದೂರವಿದ್ದಷ್ಟೂ, ಕ್ಯಾಮೆರಾದ ತೂಕವು ಅಕ್ಷದ ಸುತ್ತ ಉಂಟುಮಾಡುವ ತಿರುಗುಬಲ ಹೆಚ್ಚು. ತೂಕವನ್ನು ಆ ದೂರದ ಅಡ್ಡ ಅಳತೆಯಿಂದ ಗುಣಿಸಿದರೆ ತಿರುಗುಬಲ ದೊರೆಯುತ್ತದೆ. ಉದಾಹರಣೆಗೆ, 650 ಗ್ರಾಂ ತೂಗುವ ಸೋನಿ ಎ7 III ಕ್ಯಾಮೆರಾಗೆ 886 ಗ್ರಾಂ ತೂಗುವ 24-70 ಮಿ.ಮೀ. ಜಿಎಂ ಲೆನ್ಸನ್ನು ತೊಡಿಸಿದರೆ ಒಟ್ಟು ಒಂದೂವರೆ ಕಿಲೋಗ್ರಾಮಿಗೆ ತುಸು ಹೆಚ್ಚಾಗುತ್ತದೆ. ಇದರ ಗುರುತ್ವ ಕೇಂದ್ರ ಟಿಲ್ಟ್ ಅಕ್ಷದಿಂದ ಕೇವಲ 5 ಮಿ.ಮೀ. ಮುಂದಿದ್ದರೂ ಸುಮಾರು 0.075 ನ್ಯೂಟನ್ ಮೀಟರ್‌ನಷ್ಟು ತಿರುಗುಬಲ ಹುಟ್ಟುತ್ತದೆ. ಅಕ್ಷದಿಂದ 10 ಸೆಂ.ಮೀ. ದೂರದಲ್ಲಿ ಸುಮಾರು 77 ಗ್ರಾಂ ತೂಕದ ಬಟ್ಟನ್ನು ಕಟ್ಟಿ ತೂಗಿಬಿಟ್ಟದ್ದಕ್ಕೆ ಇದು ಸಮ. ಮೋಟಾರು ಚಿತ್ರೀಕರಣ ನಡೆಯುವಷ್ಟು ಹೊತ್ತೂ ಅದನ್ನು ಎತ್ತಿ ಹಿಡಿದಿರಬೇಕು. ಅಲುಗದೆ ನಿಂತ ಮೋಟಾರು ಯಾವ ಯಾಂತ್ರಿಕ ಕೆಲಸವನ್ನೂ ಮಾಡುವುದಿಲ್ಲವಾದರೂ ಅದರ ಸುರುಳಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ; ಹಾಗೆ ಹರಿದದ್ದು ಶಾಖವಾಗಿ ಹೊರಬೀಳುತ್ತದೆ. ಬ್ಯಾಟರಿ ಬೇಗ ಬರಿದಾಗುವುದು, ಮೋಟಾರು ಬಿಸಿಯಾಗುವುದು, ಕೊನೆಗೆ ರಕ್ಷಣಾ ವ್ಯವಸ್ಥೆ ಮೋಟಾರನ್ನು ನಿಲ್ಲಿಸಿ ಕ್ಯಾಮೆರಾ ದಿಢೀರನೆ ಮುಗ್ಗರಿಸುವುದು ಎಲ್ಲವೂ ಇಲ್ಲಿಂದ ಆರಂಭ.

ಗುರುತ್ವಾಕರ್ಷಣೆಯಷ್ಟೇ ಇದಕ್ಕೆ ಕಾರಣವೆಂದು ತಿಳಿಯಬಾರದು. ನಡೆಯುವಾಗ ಪ್ರತಿ ಹೆಜ್ಜೆಗೂ ಹಿಡಿಕೆ ಮೇಲಕ್ಕೂ ಮುಂದಕ್ಕೂ ಜಗ್ಗುತ್ತದೆ. ಗುರುತ್ವ ಕೇಂದ್ರ ಸರಿಯಾಗಿ ಅಕ್ಷದ ಮೇಲಿದ್ದರೆ ಆ ಜಗ್ಗಾಟ ಕ್ಯಾಮೆರಾವನ್ನು ಸ್ಥಳದಿಂದ ಕದಲಿಸಬಲ್ಲದೇ ಹೊರತು ತಿರುಗಿಸಲಾರದು. ಅಕ್ಷದಿಂದ ಆಚೆ ಇದ್ದರೆ, ಅದರ ಜಡತ್ವದಿಂದಾಗಿ ಪ್ರತಿ ಹೆಜ್ಜೆಯೂ ಕ್ಯಾಮೆರಾವನ್ನು ಒಂದಿಷ್ಟು ತಿರುಗಿಸಲು ಯತ್ನಿಸುತ್ತದೆ. ಮೇಜಿನ ಮೇಲೆ ನಿಲ್ಲಿಸಿದಾಗ ಅಚಲವಾಗಿ ಕಂಡ ಗಿಂಬಲ್, ಓಡುವ ದೃಶ್ಯದಲ್ಲಿ ನಡುಗುವುದು ಇದರಿಂದಲೇ.

ಒಂದು ಅಕ್ಷದಲ್ಲಿ ಮೂರು ಬಗೆಯ ಸ್ಥಿತಿಗಳು ಸಾಧ್ಯ. ಕೇಂದ್ರ ಅಕ್ಷಕ್ಕಿಂತ ಕೆಳಗಿದ್ದರೆ ಕ್ಯಾಮೆರಾ ತೊಟ್ಟಿಲಿನಂತೆ ತೂಗಾಡಿ ಮತ್ತೆ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಇದು ತಳಭಾರ. ಮೇಲಿದ್ದರೆ ಯಾವುದಾದರೊಂದು ಕಡೆಗೆ ಉರುಳುತ್ತದೆ, ಇದು ತಲೆಭಾರ. ಅಕ್ಷದ ಮೇಲೆಯೇ ಇದ್ದರೆ ಹೇಗೆ ಬಿಟ್ಟರೆ ಹಾಗೆ ನಿಲ್ಲುತ್ತದೆ. ಹಡಗಿನ ದಿಕ್ಸೂಚಿಯನ್ನು ಬೇಕೆಂದೇ ತಳಭಾರವಾಗಿ ಮಾಡುತ್ತಾರೆ. ಸ್ಟೆಡಿಕ್ಯಾಮ್‌ನಲ್ಲಿಯೂ, ಅಡ್ಡ ಹಿಡಿದು ಬಿಟ್ಟ ಕಂಬ ನೆಟ್ಟಗಾಗಲು ಸುಮಾರು ಎರಡರಿಂದ ಮೂರು ಸೆಕೆಂಡು ಬೇಕಾಗುವಷ್ಟು ತಳಭಾರವನ್ನು ಉಳಿಸಿಕೊಳ್ಳುವುದು ವಾಡಿಕೆ. ಮೋಟಾರುಳ್ಳ ಗಿಂಬಲ್‌ನಲ್ಲಿ ಅದರ ಅಗತ್ಯವಿಲ್ಲ. ಇಲ್ಲಿ ಮೂರನೆಯ ಸ್ಥಿತಿಯೇ ಗುರಿ. ಸ್ಟೆಡಿಕ್ಯಾಮ್‌ನಿಂದ ಬಂದ ಕೆಲವರು ಇಲ್ಲಿಯೂ ತುಸು ತಳಭಾರ ಬಿಡುವುದುಂಟು. ಅದು ಮೋಟಾರಿಗೆ ಸಹಾಯವಲ್ಲ, ಹೊರೆ.

ಜೋಡಣೆಗೆ ಮುನ್ನ

ಚಿತ್ರೀಕರಣದ ವೇಳೆ ಕ್ಯಾಮೆರಾದ ಮೇಲೆ ಏನೇನಿರುತ್ತದೆಯೋ ಅದೆಲ್ಲವೂ ಸಮತೋಲನದ ವೇಳೆಗೆ ಅದರ ಮೇಲಿರಬೇಕು. ಬ್ಯಾಟರಿ ಮತ್ತು ಮೆಮೊರಿ ಕಾರ್ಡು ಒಳಗಿರಬೇಕು; ಲೆನ್ಸಿನ ಮುಚ್ಚಳ ತೆಗೆದಿರಬೇಕು; ಫಿಲ್ಟರ್ ಬಳಸುವುದಾದರೆ ತೊಡಿಸಿರಬೇಕು; ಮೈಕ್ರೊಫೋನ್ ಇರುವುದಾದರೆ ಸಿಕ್ಕಿಸಿರಬೇಕು. ಪಕ್ಕಕ್ಕೆ ತೆರೆಯುವ ಪರದೆಯನ್ನು ಚಿತ್ರೀಕರಿಸುವಾಗ ತೆರೆದಿಡುವುದಾದರೆ ಈಗಲೇ ತೆರೆಯಬೇಕು, ಏಕೆಂದರೆ ಅಷ್ಟು ಸಣ್ಣ ಪರದೆಯೂ ರೋಲ್ ಅಕ್ಷವನ್ನು ಕೆಡಿಸಲು ಸಾಕು. ಕುತ್ತಿಗೆಪಟ್ಟಿಯನ್ನು ಬಿಚ್ಚಿಡುವುದು ಅಗತ್ಯ. ಅದರ ತೂಕ ಅಲ್ಪವಾದರೂ ಅದು ಒಂದೆಡೆ ನಿಲ್ಲದೆ ತೂಗಾಡುತ್ತದೆ, ತೋಳುಗಳಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಜೂಮ್ ಲೆನ್ಸುಗಳಲ್ಲಿ, ಚಿತ್ರೀಕರಣದಲ್ಲಿ ಬಳಸಲಿರುವ ನಾಭಿದೂರಕ್ಕೆ ಲೆನ್ಸನ್ನು ತಿರುಗಿಸಿಟ್ಟು ಸಮತೋಲನ ಮಾಡಬೇಕು. ಮೇಲೆ ಹೇಳಿದ 24-70 ಲೆನ್ಸು 70 ಮಿ.ಮೀ.ಗೆ ತಿರುಗಿಸಿದಾಗ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದರೊಂದಿಗೆ ಗುರುತ್ವ ಕೇಂದ್ರವೂ ಮುಂದೆ ಸರಿಯುತ್ತದೆ. ಒಂದೇ ದೃಶ್ಯದಲ್ಲಿ ಎರಡು ತುದಿಗಳನ್ನೂ ಬಳಸಬೇಕಾಗಿದ್ದರೆ ನಡುವಿನ ಸ್ಥಾನದಲ್ಲಿಟ್ಟು ಸರಿದೂಗಿಸುವುದುಂಟು. ಉದ್ದ ಬದಲಾಗದೆ ಒಳಗೊಳಗೇ ಜೂಮ್ ಆಗುವ ಲೆನ್ಸುಗಳಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ.

ತಯಾರಕರು ಪ್ರಕಟಿಸುವ ಗರಿಷ್ಠ ತೂಕದ ಮಿತಿಯನ್ನು ನೋಡುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬುವಂತಿಲ್ಲ. ತೂಕದಲ್ಲಿ ಹಗುರವಾಗಿದ್ದೂ ಉದ್ದವಾಗಿರುವ ಲೆನ್ಸು ತೋಳಿನ ಜಾರುಪಟ್ಟಿಯ ಕೊನೆಯವರೆಗೆ ಹಿಂದೆ ಸರಿಸಿದರೂ ಮೂಗುಭಾರವಾಗಿಯೇ ಉಳಿಯಬಹುದು, ಇಲ್ಲವೇ ಕ್ಯಾಮೆರಾದ ಬೆನ್ನು ಹಿಂದಿನ ರೋಲ್ ಮೋಟಾರಿಗೆ ತಾಗಬಹುದು. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ತೀರ ಹಗುರವಾದ ಕ್ಯಾಮೆರಾ ತನ್ನ ಪಕ್ಕದ ಟಿಲ್ಟ್ ಮೋಟಾರಿನ ತೂಕಕ್ಕೆ ಸರಿದೂಗಲಾರದು. ಆಗ ಪ್ರತಿತೂಕದ ಬಿಲ್ಲೆಗಳನ್ನು ಸೇರಿಸಬೇಕಾಗುತ್ತದೆ.

ಕ್ಯಾಮೆರಾವನ್ನು ಕೂರಿಸುವುದು

ಕ್ಯಾಮೆರಾದ ತಳದಲ್ಲಿರುವ ಕಾಲು ಅಂಗುಲದ ತಿರುಪಿನ ರಂಧ್ರಕ್ಕೆ ಫಲಕವನ್ನು ಬಿಗಿದು, ಆ ಫಲಕವನ್ನು ಗಿಂಬಲ್‌ನ ಜಾರುಪಟ್ಟಿಗೆ ಸೇರಿಸಲಾಗುತ್ತದೆ. ತಿರುಪನ್ನು ಕೈಬೆರಳಿನಿಂದಲ್ಲ, ನಾಣ್ಯ ಅಥವಾ ಷಟ್ಕೋನ ಕೀಲಿಯಿಂದ ಬಿಗಿಯುವುದು ಉತ್ತಮ. ಒಂದೇ ತಿರುಪಿನ ಮೇಲೆ ನಿಂತ ಕ್ಯಾಮೆರಾ ಫಲಕದ ಮೇಲೆ ಕೂದಲೆಳೆಯಷ್ಟು ಹೊರಳಿದರೂ ಸಂವೇದಕಗಳಿಗೆ ಅದು ತಿಳಿಯುವುದಿಲ್ಲ: ಅವು ಅಳೆಯುವುದು ಫಲಕದ ಚಲನೆಯನ್ನು, ಕ್ಯಾಮೆರಾದ ಚಲನೆಯನ್ನಲ್ಲ. ಸಡಿಲ ಜೋಡಣೆಯಿಂದ ಬರುವ ಸಣ್ಣ ನಡುಕವನ್ನು ಎಷ್ಟೇ ನಿಖರವಾದ ಸಮತೋಲನವೂ ಹೋಗಲಾಡಿಸದು. ಭಾರದ ಲೆನ್ಸುಗಳನ್ನು ಕೆಳಗಿನಿಂದ ಆತುಕೊಳ್ಳುವ ಲೆನ್ಸ್ ಆಧಾರವನ್ನು ಬಳಸುವುದು ಈ ಕಾರಣಕ್ಕಾಗಿಯೇ.

ಅನೇಕ ಗಿಂಬಲ್‌ಗಳಲ್ಲಿ ಪ್ರತಿ ಅಕ್ಷಕ್ಕೂ ಒಂದು ಬೀಗವಿರುತ್ತದೆ. ಕ್ಯಾಮೆರಾವನ್ನು ಕೂರಿಸುವಾಗ ಮೂರನ್ನೂ ಹಾಕಿರಬೇಕು. ಬೀಗಗಳಿಲ್ಲದ ಹಳೆಯ ಮಾದರಿಗಳಲ್ಲಿ ಒಂದು ಕೈ ಸದಾ ಕ್ಯಾಮೆರಾದ ಮೇಲಿರುವುದು ಅನಿವಾರ್ಯ.

ಸಮತೋಲನದ ಕ್ರಮ

ಗಿಂಬಲ್ಲನ್ನು ಅದರ ಮುಕ್ಕಾಲಿಯ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟಿಲ್ಟ್ ಅಕ್ಷದ ಬೀಗವನ್ನು ಮಾತ್ರ ತೆಗೆಯಲಾಗುತ್ತದೆ. ಲೆನ್ಸನ್ನು ನೇರ ಮುಂದಕ್ಕೆ ಹಿಡಿದು, ಕೈಯನ್ನು ಪೂರ್ತಿ ತೆಗೆಯದೆ ಮೆಲ್ಲನೆ ಸಡಿಲಿಸಬೇಕು. ಲೆನ್ಸು ಕೆಳಕ್ಕೆ ಬಾಗಿದರೆ ಫಲಕವನ್ನು ಹಿಂದಕ್ಕೂ, ಮೇಲಕ್ಕೆದ್ದರೆ ಮುಂದಕ್ಕೂ ಸರಿಸಬೇಕು. ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಸುವುದಕ್ಕೆ ಕೆಲವು ಗಿಂಬಲ್‌ಗಳಲ್ಲಿ ಸಣ್ಣ ತಿರುಗುಗುಂಡಿ ಇರುತ್ತದೆ.

ಇಷ್ಟಾದ ಮೇಲೆ ಲೆನ್ಸನ್ನು ಆಕಾಶದ ಕಡೆಗೆ ತಿರುಗಿಸಿ ಮತ್ತೆ ಪರೀಕ್ಷಿಸಬೇಕು. ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದು. ಕ್ಯಾಮೆರಾ ಮಟ್ಟವಾಗಿದ್ದಾಗ ಗುರುತ್ವ ಕೇಂದ್ರ ಅಕ್ಷದ ನೇರ ಮೇಲೋ ಕೆಳಗೋ ಇದ್ದರೆ ಅದರಿಂದ ತಿರುಗುಬಲವೇ ಹುಟ್ಟುವುದಿಲ್ಲ, ಹಾಗಾಗಿ ದೋಷ ಕಣ್ಣಿಗೆ ಬೀಳುವುದಿಲ್ಲ. ಲೆನ್ಸನ್ನು ಮೇಲಕ್ಕೆ ತಿರುಗಿಸಿದಾಗ ಅದೇ ಎತ್ತರದ ದೋಷ ಅಡ್ಡಕ್ಕೆ ಬಂದು, ತಕ್ಕಡಿಯ ಒಂದು ತಟ್ಟೆಯಂತೆ ಕೆಳಗಿಳಿಯುತ್ತದೆ. ಕ್ಯಾಮೆರಾದ ತಲೆಯ ಭಾಗ ಕೆಳಕ್ಕೆ ಬಿದ್ದರೆ ಅದು ತಲೆಭಾರ. ಫಲಕವನ್ನು ಹೊತ್ತ ಲಂಬ ತೋಳಿನಲ್ಲಿ ಕ್ಯಾಮೆರಾವನ್ನು ಇಳಿಸಬೇಕು. ತಳದ ಭಾಗ ಬಿದ್ದರೆ ಏರಿಸಬೇಕು. ಕೆಲವು ಕೈಪಿಡಿಗಳು ಈ ಎತ್ತರದ ಪರೀಕ್ಷೆಯನ್ನು ಮೊದಲು, ಹಿಂದುಮುಂದಿನದನ್ನು ನಂತರ ಹೇಳುತ್ತವೆ. ಎರಡೂ ಒಂದೇ ಅಕ್ಷಕ್ಕೆ ಸೇರಿದವಾದ್ದರಿಂದ ಯಾವುದು ಮೊದಲಾದರೂ ಬಾಧಕವಿಲ್ಲ, ಆದರೆ ಎರಡನ್ನೂ ಇನ್ನೊಮ್ಮೆ ನೋಡಬೇಕು. ಕೊನೆಗೆ ಲೆನ್ಸನ್ನು 45 ಡಿಗ್ರಿ ಮೇಲಕ್ಕೆ, ಬಳಿಕ ಅಷ್ಟೇ ಕೆಳಕ್ಕೆ ಬಾಗಿಸಿ ಬಿಟ್ಟಾಗ ಎರಡೂ ಕಡೆ ನಿಂತರೆ ಟಿಲ್ಟ್ ಅಕ್ಷ ಸರಿಯಾದಂತೆ.

ಈಗ ಟಿಲ್ಟ್‌ಗೆ ಬೀಗ ಹಾಕಿ ರೋಲ್ ಅಕ್ಷವನ್ನು ಬಿಡಿಸಬೇಕು. ಕ್ಯಾಮೆರಾ ಎಡಕ್ಕೆ ವಾಲಿದರೆ ಟಿಲ್ಟ್ ಮೋಟಾರನ್ನು ಹೊತ್ತ ತೋಳನ್ನು ಬಲಕ್ಕೂ, ಬಲಕ್ಕೆ ವಾಲಿದರೆ ಎಡಕ್ಕೂ ಜಾರಿಸಬೇಕು. ಎತ್ತರದ ದೋಷ ಹಿಂದಿನ ಹಂತದಲ್ಲೇ ನಿವಾರಣೆಯಾಗಿರುವುದರಿಂದ ಇಲ್ಲಿ ಉಳಿಯುವುದು ಎಡಬಲದ ವ್ಯತ್ಯಾಸ ಮಾತ್ರ.

ಪ್ಯಾನ್ ಅಕ್ಷದ ಪರೀಕ್ಷೆಗೆ ಬೇರೆ ವಿಧಾನ ಬೇಕು. ಹಿಡಿಕೆ ನೆಟ್ಟಗಿರುವಾಗ ಪ್ಯಾನ್ ಅಕ್ಷವೂ ನೆಟ್ಟಗಿರುತ್ತದೆ. ಬಾಗಿಲಿನ ತಿರುಗಣೆ ನೆಟ್ಟಗಿದ್ದರೆ ಬಾಗಿಲು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವಂತೆ, ಗುರುತ್ವಾಕರ್ಷಣೆ ಇಲ್ಲಿ ಯಾವ ದೋಷವನ್ನೂ ತೋರಿಸಿಕೊಡುವುದಿಲ್ಲ. ಆದಕಾರಣ ಗಿಂಬಲ್ಲನ್ನು ಕೈಗೆತ್ತಿಕೊಂಡು, ಹಿಡಿಕೆಯನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ವಾಲಿಸಿ, ಪ್ಯಾನ್ ತೋಳನ್ನೂ ಅಡ್ಡಕ್ಕೆ ತಂದು ನೋಡಬೇಕು. ಕ್ಯಾಮೆರಾ ಇರುವ ತುದಿ ಕೆಳಗಿಳಿದರೆ ತೋಳನ್ನು ಹಿಂದಕ್ಕೆ, ರೋಲ್ ಮೋಟಾರಿನ ತುದಿ ಇಳಿದರೆ ಮುಂದಕ್ಕೆ ಸರಿಸಬೇಕು. ನೆಟ್ಟಗೆ ಹಿಡಿದೇ ಚಿತ್ರೀಕರಿಸುತ್ತೇವೆಂದು ಈ ಹಂತವನ್ನು ಬಿಡುವವರುಂಟು. ಹಿಡಿಕೆ ನೆಟ್ಟಗಿದ್ದರೂ ಹಠಾತ್ತನೆ ಹೊರಡುವಾಗ, ನಿಲ್ಲುವಾಗ, ತಿರುವಿನಲ್ಲಿ ಓಡುವಾಗ ಜಡತ್ವವು ಕ್ಯಾಮೆರಾವನ್ನು ಪಕ್ಕಕ್ಕೆ ಎಳೆಯುತ್ತದೆ. ಗಿಂಬಲ್ಲನ್ನು ಪೆಟ್ಟಿಗೆ ಹಿಡಿದಂತೆ ಅಡ್ಡ ಹಿಡಿದಾಗಲಂತೂ ದೋಷ ಪೂರ್ಣವಾಗಿ ಪ್ರಕಟವಾಗುತ್ತದೆ.

ಕೀಲುಗಳಲ್ಲಿರುವ ಘರ್ಷಣೆ ಸಣ್ಣ ದೋಷಗಳನ್ನು ಮರೆಮಾಚಬಲ್ಲದು. ಬಿಟ್ಟ ಕೂಡಲೇ ನಿಂತಿತೆಂದು ತೃಪ್ತಿಪಡದೆ, ಬೆರಳಿನಿಂದ ಹಗುರವಾಗಿ ತಟ್ಟಿ ಎರಡೂ ದಿಕ್ಕುಗಳಲ್ಲಿ ಸಮನಾಗಿ ಕದಲುತ್ತದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಮೋಟಾರುಗಳ ಹೊಂದಾಣಿಕೆ

ಮೂರೂ ಬೀಗಗಳನ್ನು ತೆಗೆದ ಮೇಲೆ ಮಾತ್ರ ಗಿಂಬಲ್ಲನ್ನು ಚಾಲೂ ಮಾಡಬೇಕು. 2022ರಲ್ಲಿ ಬಂದ ಡಿಜೆಐ ಆರ್‌ಎಸ್ 3ರಂತಹ ಮಾದರಿಗಳಲ್ಲಿ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಉಳಿದವುಗಳಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಚಾಲೂ ಮಾಡಿದರೆ ಮೋಟಾರು ಬೀಗದ ವಿರುದ್ಧ ಸೆಣಸುತ್ತದೆ.

ಚಾಲೂ ಆದ ಗಿಂಬಲ್‌ನಲ್ಲಿ ಗೈರೊಸ್ಕೋಪು ತಿರುಗುವಿಕೆಯ ವೇಗವನ್ನೂ, ವೇಗೋತ್ಕರ್ಷ ಮಾಪಕವು ಗುರುತ್ವಾಕರ್ಷಣೆಯ ದಿಕ್ಕನ್ನೂ ಅಳೆಯುತ್ತವೆ. ಇವುಗಳ ಆಧಾರದ ಮೇಲೆ ಪ್ರತಿ ಮೋಟಾರಿಗೆ ಎಷ್ಟು ಬಲ ಬೇಕೆಂದು ಗಣಕ ನಿರ್ಧರಿಸುತ್ತದೆ. ದೋಷಕ್ಕೆ ಪ್ರತಿಯಾಗಿ ಮೋಟಾರು ಎಷ್ಟು ಬಿರುಸಾಗಿ ವರ್ತಿಸಬೇಕೆಂಬುದು ಕ್ಯಾಮೆರಾದ ತೂಕ ಮತ್ತು ಗಾತ್ರವನ್ನು ಅವಲಂಬಿಸಿದೆ. ಇದನ್ನು ಬಿಗುಪು ಎನ್ನಬಹುದು. ಬಿಗುಪು ಕಡಿಮೆಯಾದರೆ ಕ್ಯಾಮೆರಾ ತಡವಾಗಿ, ಜೋಲು ಬಿದ್ದಂತೆ ಹಿಂಬಾಲಿಸುತ್ತದೆ. ಹೆಚ್ಚಾದರೆ ಗುಂಯ್‌ಗುಡುತ್ತ ಕಂಪಿಸುತ್ತದೆ. ಹೆಚ್ಚಿನ ಗಿಂಬಲ್‌ಗಳು ತೋಳುಗಳನ್ನು ತಾವೇ ನಡುಗಿಸಿ ನೋಡಿ ಈ ಪ್ರಮಾಣವನ್ನು ಕಂಡುಕೊಳ್ಳುತ್ತವೆ. ಈ ಸ್ವಯಂ ಹೊಂದಾಣಿಕೆಯನ್ನು ಸಮತೋಲನಕ್ಕೆ ಬದಲಿಯೆಂದು ಭಾವಿಸುವುದು ಸರಿಯಲ್ಲ. ಸಮತೋಲನ ತಪ್ಪಿದ ಕ್ಯಾಮೆರಾವನ್ನು ಹೊಂದಿಸಹೊರಟ ಗಣಕವು ಇಲ್ಲದ ತೂಕವನ್ನು ಲೆಕ್ಕ ಹಿಡಿದು ಅಳತೆ ಮೀರಿದ ಬಿಗುಪನ್ನು ಆರಿಸಿಬಿಡಬಹುದು. ಕಂಪನ ಕಾಣಿಸಿದಾಗ ಬಿಗುಪನ್ನು ಇಳಿಸುವ ಮೊದಲು ತಿರುಪುಗಳ ಬಿಗಿಯನ್ನೂ ಸಮತೋಲನವನ್ನೂ ನೋಡಬೇಕು.

ಸಮತೋಲನ ಕೆಡುವ ಸಂದರ್ಭಗಳು

ಲೆನ್ಸು ಬದಲಿಸಿದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು. ಫಿಲ್ಟರ್ ಬದಲಿಸಿದರೆ ಹಿಂದುಮುಂದಿನ ಪರೀಕ್ಷೆ ಮತ್ತು ಅದನ್ನನುಸರಿಸಿ ಪ್ಯಾನ್ ಪರೀಕ್ಷೆ ಸಾಕಾಗಬಹುದು. ಪದೇ ಪದೇ ಬಳಸುವ ಲೆನ್ಸುಗಳಿಗೆ ಜಾರುಪಟ್ಟಿಗಳ ಮೇಲಿನ ಅಳತೆಗಳನ್ನು ಬರೆದಿಟ್ಟುಕೊಂಡರೆ ಕೆಲಸ ಹಗುರವಾಗುತ್ತದೆ.

ಕೇಬಲ್ಲುಗಳದ್ದು ವಿಶೇಷ ತೊಂದರೆ. ಕ್ಯಾಮೆರಾದಿಂದ ಹೊರಗಿನ ಮಾನಿಟರಿಗೆ ಹೋಗುವ ದಪ್ಪ ಕೇಬಲ್ಲಿನ ತೂಕಕ್ಕಿಂತ ಅದರ ಪೆಡಸುತನವೇ ಹೆಚ್ಚು ಕಾಡುತ್ತದೆ. ಅದು ಸ್ಪ್ರಿಂಗಿನಂತೆ ಕ್ಯಾಮೆರಾವನ್ನು ಒಂದು ಕಡೆಗೆ ಎಳೆಯುತ್ತದೆ, ಎಳೆತವೂ ತೋಳು ತಿರುಗಿದಂತೆಲ್ಲ ಬದಲಾಗುತ್ತದೆ. ಮೆದುವಾದ, ತೆಳ್ಳಗಿನ ಕೇಬಲ್ಲನ್ನು ಸಡಿಲವಾದ ಕುಣಿಕೆಯಂತೆ ಬಿಟ್ಟು ಜೋಡಿಸುವುದೇ ಪರಿಹಾರ. ಸಾಧ್ಯವಾದರೆ ಮಾನಿಟರನ್ನು ಹಿಡಿಕೆಯ ಮೇಲೆಯೇ ಕೂರಿಸಬೇಕು. ಹಿಡಿಕೆಯ ಮೇಲಿನ ತೂಕ ಅಕ್ಷಗಳನ್ನು ಬಾಧಿಸುವುದಿಲ್ಲ, ಹಿಡಿದವರ ತೋಳನ್ನು ಮಾತ್ರ ಬಾಧಿಸುತ್ತದೆ.

ಮಿತಿಗಳು

ಗಿಂಬಲ್ ನಿವಾರಿಸುವುದು ತಿರುಗುವಿಕೆಯನ್ನು ಮಾತ್ರ. ಹೆಜ್ಜೆ ಹಾಕುವಾಗ ಇಡೀ ಉಪಕರಣ ಮೇಲೆ ಕೆಳಗೆ ಕುಪ್ಪಳಿಸುವುದನ್ನು ಮೂರು ಅಕ್ಷಗಳ ಯಾವ ಗಿಂಬಲ್ಲೂ ತಡೆಯಲಾರದು. ದೂರದ ಬೆಟ್ಟವನ್ನು ತೋರಿಸುವಾಗ ಈ ಕುಪ್ಪಳಿಕೆ ಕಾಣುವುದಿಲ್ಲ. ಹತ್ತಿರದ ಕಂಬ, ಬಾಗಿಲು, ಮುಖಗಳಿದ್ದಾಗ ಎದ್ದು ಕಾಣುತ್ತದೆ. ಸ್ಟೆಡಿಕ್ಯಾಮ್‌ನಲ್ಲಿ ಆ ಕೆಲಸವನ್ನು ಸ್ಪ್ರಿಂಗಿನ ತೋಳು ಮಾಡುತ್ತಿತ್ತು. ಗಿಂಬಲ್ ಹಿಡಿದವರು ಮೊಣಕಾಲುಗಳನ್ನು ತುಸು ಬಾಗಿಸಿ, ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಪಾದವನ್ನು ಉರುಳಿಸುತ್ತ ನಡೆದು ತಮ್ಮ ಕಾಲುಗಳಿಂದಲೇ ಅದನ್ನು ಸಾಧಿಸಬೇಕಾಗುತ್ತದೆ.

ವಾಹನದಲ್ಲಿ ದೀರ್ಘವಾದ ತಿರುವನ್ನು ದಾಟುವಾಗ ದಿಗಂತ ನಿಧಾನವಾಗಿ ವಾಲುವುದೂ ಉಂಟು. ವೇಗೋತ್ಕರ್ಷ ಮಾಪಕವು ತಿರುವಿನ ಸೆಳೆತವನ್ನು ಗುರುತ್ವಾಕರ್ಷಣೆಯ ಭಾಗವೆಂದು ತಿಳಿದು ‘ಕೆಳಗೆ’ ಎಂಬ ದಿಕ್ಕನ್ನೇ ತಪ್ಪಾಗಿ ಗ್ರಹಿಸುವುದು ಇದಕ್ಕೆ ಕಾರಣ. ಸಮತೋಲನವನ್ನು ಎಷ್ಟು ತಿದ್ದಿದರೂ ಇದು ಹೋಗುವುದಿಲ್ಲ. ನಿಶ್ಚಲವಾಗಿ ನಿಂತಾಗಲೂ ದಿಗಂತ ವಾಲಿಯೇ ಇದ್ದರೆ ಸಂವೇದಕಗಳ ಮಾಪನಾಂಕವನ್ನು ಮತ್ತೆ ನಿರ್ಣಯಿಸಬೇಕಾಗಿರುತ್ತದೆ. ಆಗ ಗಿಂಬಲ್ಲನ್ನು ಅಲುಗದ, ಮಟ್ಟವಾದ ನೆಲದ ಮೇಲಿಟ್ಟು ಕೈಪಿಡಿಯಲ್ಲಿ ಹೇಳಿದ ಕ್ರಮವನ್ನು ಅನುಸರಿಸಲಾಗುತ್ತದೆ.